ಹಗ್ಗದ ಆ ತುದಿ

“ಗಂಡನ್ನ ಉಪವಾಸ ಕೆಡವಿ ಕಡ್ಡಿ ಮಾಡಿಟ್ಟಿದ್ದೀಯಲ್ಲ, ಅದೇ ನೀನು ದೇಶಕ್ಕೆ ಮಾಡಿದ ಸೇವೆ ಕಣೇ. ಹೊಟ್ಟೆ ತುಂಬ ಉಂಡಿದ್ರೆ ಬೋಳಿಮಗ ಪೈಪಿಗೆ ಬಿರಡೆ ಆಗ್ತಿದ್ದ!”

ಮೇಸ್ತ್ರಿ ಹೀಗೆನ್ನುವಾಗ ಅವಳ ಗಂಡ ಆಗಲೇ ಸೊಂಟದವರೆಗೆ ಪೈಪಿನೊಳಗಿದ್ದ. ಕಟ್ಟುಕಥೆಯೆಂದು ಈಗಲೇ ನಗಬೇಡಿ. ನಡೆದದ್ದೇ ಇದು, ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ಹಡಗಿನಲ್ಲಿ ಬಂದಿಳಿಯುವ ಗ್ಯಾಸನ್ನು ಬಂದರಿನಿಂದ ದೇಶದ ದೊಡ್ಡ ಜಾಲಕ್ಕೆ ಒಯ್ಯುವ ಕೊಳವೆ ಅದು. ಒಂದೂವರೆ ಅಡಿ ಅಗಲ. ಬೆಸುಗೆ ಹಾಕಿದಲ್ಲೆಲ್ಲ ಒಳಗೆ ಕಿಟ್ಟ ಕೂರುತ್ತದೆ. ಅದರ ಚೂರೊಂದು ಉಳಿದರೂ ಗ್ಯಾಸಿನ ರಭಸಕ್ಕೆ ಗುಂಡಿನಂತೆ ಹಾರಿ ಮುಂದಿನ ಕವಾಟ ಒಡೆಯುತ್ತದೆ. ಕೆರೆಯಲು ಹಲ್ಲಿಯೇ ತೆವಳಬೇಕು. ಹಲ್ಲಿ ಎಂದರೆ ಅವಳ ಗಂಡ. ಹೆತ್ತವಳು ಇಟ್ಟ ಹೆಸರು ಹೆತ್ತವಳಿಗೆ ಮಾತ್ರ ನೆನಪು. ಅವನ ಕಾಲಿಗೆ ಕಟ್ಟಿದ ಹಗ್ಗದ ತುದಿ ಸದಾ ಅವಳ ಕೈಯಲ್ಲಿ. ಒಂದು ಜಗ್ಗು ಅಂದರೆ, ಉಸಿರಾಡುತ್ತಿದ್ದೇನೆ. ಎರಡು ಅಂದರೆ, ಎಳೆ. ಮನೆಯಲ್ಲೂ ಅವರಿಬ್ಬರು ಇಷ್ಟು ಮಾತಾಡಿದ್ದಿಲ್ಲ.

ಇವತ್ತು ಅವನು ಕೆರೆದು ಹೊರಬಂದದ್ದೇ ಈ ಬಾಯಿಗೆ ಕೊನೆಯ ಪೈಪು ಬೆಸೆದರೆ ಸಾಲು ಪೂರ್ತಿ. ಆಮೇಲೆ ಹಲ್ಲಿಗೆ ಬಂದರಿನ ಟರ್ಮಿನಲ್ಲಿನಲ್ಲಿ ಕಾಯಂ ಕೆಲಸ. ಮಾತು ಕೊಟ್ಟಿದ್ದ ದೊಡ್ಡ ಸಾಹೇಬರೇ ಬಂದು ಛತ್ರಿಯಡಿ ಬೇಸರದಿಂದ ನಿಂತಿದ್ದರು.

“ಒಳಗೆ ಭಯ ಆಗಲ್ವೇನಯ್ಯಾ ಅವನಿಗೆ?”

“ಒಂದು ತಮಾಷೆ ನೋಡ್ತೀರಾ ಸಾರ್?”

ಮೇಸ್ತ್ರಿ ಅವಳ ಕೈಯಿಂದ ಹಗ್ಗ ಕಿತ್ತು ತುದಿಯನ್ನು ಪೈಪಿನ ಬಾಯಲ್ಲಿ ಬಿಸಾಕಿದ.

“ಅಣ್ಣಾ, ದಮ್ಮಯ್ಯ, ಬೇಡಣ್ಣಾ…”

“ಬಾಯಿ ಮುಚ್ಚೇ. ಕಾಯಂ ಕೆಲಸ ಬೇಕೋ ಬೇಡ್ವೋ?”

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೇಸ್ತ್ರಿ ಯಾರ ದನಿಯನ್ನಾದರೂ ತೆಗೆಯಬಲ್ಲ. ಸಾಹೇಬರ ದನಿಯನ್ನು ಮಾತ್ರ ಸಾಹೇಬರಿಲ್ಲದಾಗ ತೆಗೆಯುತ್ತಿದ್ದ. ಗಾಳಿಯಂತ್ರದ ನಳಿಕೆಯನ್ನು ಪೈಪಿಗೆ ತೂರಿಸಿ ಬುಸ್ಸೆಂದು ಗಾಳಿ ಬಿಟ್ಟ. ಆಮೇಲೆ ಬಗ್ಗಿ ಕೂಗಿದ:

“ಮಾವಾ… ಗ್ಯಾಸ್ ಬಿಟ್ಟುಬಿಟ್ರೂ… ಬಾರೋ ಮಾವಾ!”

ಬಾಯಿ ಮೇಸ್ತ್ರಿಯದು, ದನಿ ಅವಳದೇ.

ಒಳಗಿಂದ ಹಗ್ಗ ಎರಡು ಸಲ ಜಗ್ಗಿತು. ಹಿಡಿದವರಿಲ್ಲದ ತುದಿ ಹಾವಿನ ಬಾಲದಂತೆ ಕತ್ತಲೊಳಗೆ ಸರಿದುಹೋಯಿತು. ಆಮೇಲೆ ಕೇಳಿಸಿದ್ದು ಕಬ್ಬಿಣಕ್ಕೆ ಮೂಳೆ ಬಡಿಯುವ ಸದ್ದು.

ಹಲ್ಲಿ ಹಿಮ್ಮುಖವಾಗಿ ತೆವಳಿ ಹೊರಬಿದ್ದ. ಮೊಣಕಾಲು, ಮೊಣಕೈಯ ಚರ್ಮ ಒಳಗೇ ಉಳಿದಿತ್ತು. ಚಡ್ಡಿ ತೊಯ್ದಿತ್ತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, “ಇಂಥ ಪುಕ್ಕಲನ್ನ ಟರ್ಮಿನಲ್ಲಿಗೆ ಹಾಕ್ಕೊಂಡು ಏನ್ ಮಾಡ್ಲಯ್ಯಾ? ಆಗಲ್ಲ. ಬೇರೆ ಗಟ್ಟಿ ಆಳು ನೋಡು,” ಎಂದರು.

ಹಲ್ಲಿ ಅವಳನ್ನೇ ನೋಡಿದ. “ಕೂಗಿದ್ದು ನೀನಾ?”

ಅವಳು ತಲೆಯಾಡಿಸಿದಳು, ಅಲ್ಲವೆಂದು.

“ಮತ್ತೆ ಹಗ್ಗ?”

ಅವಳು ಸೆರಗಿನ ತುದಿಯಿಂದ ಅವನ ಮೊಣಕೈಯ ರಕ್ತ ಒರೆಸತೊಡಗಿದಳು.

“ಲೇ ಹಲ್ಲಿ, ಒಳಗೆಲ್ಲ ಕ್ಲೀನಾ?” ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಾ ಕೇಳಿದ. ತೆವಳಿ ಹೋಗಿ ನೋಡಲು ಒಳಗೆ ಬೇರೆ ಯಾರೂ ಹಿಡಿಸುತ್ತಿರಲಿಲ್ಲ. ಹಲ್ಲಿ ಹೂಂ ಎಂದರೆ ಅದೇ ಮೊಹರು.

ಅವಳಿಗೆ ಆಗ ಕಂಡಿತು: ಅವನ ಎರಡು ಕೈಯೂ ಬರಿದು. ಒಯ್ದಿದ್ದ ದೀಪ, ಉಕ್ಕಿನ ಬ್ರಷ್ಷು, ಮೊಳದುದ್ದದ ಉಳಿ, ಯಾವುದೂ ಹೊರಗೆ ಬಂದಿರಲಿಲ್ಲ. ಅವಳು ಬಾಯಿ ತೆರೆದಳು. ಅವನು ಕಣ್ಣಲ್ಲೇ ತಡೆದ. ಅವಳು ಮುಚ್ಚಿದಳು.

“ಕನ್ನಡಿ ಸಾರ್,” ಎಂದ ಹಲ್ಲಿ. “ನಿಮ್ಮ ಮುಖ ನೋಡ್ಕೋಬಹುದು.”

“ಹಾಕೋ ಬೆಸುಗೆ!” ಮೇಸ್ತ್ರಿ ಬೆಸುಗೆಯವನಿಗೆ ಕೂಗಿದ.

ಕಿಡಿ ಹಾರಿದವು. ಮೇಸ್ತ್ರಿ ಮತ್ತೆ ಅವಳ ದನಿ ತೆಗೆದ: “ಮಾವಾ, ಚಡ್ಡಿ ಬದಲಾಯ್ಸೋ ಮಾವಾ!” ಸಾಹೇಬರು ನಕ್ಕರು, ಛತ್ರಿ ಹಿಡಿದವನು ನಕ್ಕ, ಬೆಸುಗೆಯವನು ಮುಖವಾಡದೊಳಗೇ ನಕ್ಕ. ಅವರೆಲ್ಲರ ಮೇಲೆ ಏರಿದ ದನಿಯಲ್ಲಿ, ರಕ್ತ ಸೋರುವ ಮೊಣಕಾಲು ಬಡಿದುಕೊಳ್ಳುತ್ತಾ, ಹಲ್ಲಿ ನಗುತ್ತಿದ್ದ. ಉಳಿದವರು ನಿಲ್ಲಿಸಿ ಅವನ ಮುಖ ನೋಡತೊಡಗಿದ ಮೇಲೂ.