ಮೊಣಕೈ ತಾಳುವಷ್ಟು

ಅಕ್ಕ ಕತ್ತರಿ ಹಿಡಿದು ತಮ್ಮನ ಹೆಣಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕಿಗೆ ಕೈ ಹಾಕಿದ್ದೇ ತಡ, ಆಂಬುಲೆನ್ಸ್ ಡ್ರೈವರ್ ಅಡ್ಡ ಬಂದ.

"ಬಿಚ್ಚಬೇಡಿ ಅಮ್ಮಾ. ಯಾವ ಔಷಧಿಗೂ ಜಗ್ಗದ ಕ್ರಿಮಿಯಂತೆ. ಹೀಗೇ ಮಣ್ಣು ಮಾಡಿ ಅಂದಿದಾರೆ ಆಸ್ಪತ್ರೇಲಿ."

"ಹನ್ನೊಂದು ವರ್ಷ ನಾನೇ ಮೈ ತೊಳೆದಿದೀನಪ್ಪಾ. ಕೊನೇ ದಿನ ಪೊಟ್ಟಣ ಕಟ್ಟಿ ಕಳಿಸ್ಲಾ?"

ಬಂದವರೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಹಿತ್ತಿಲ ತಂತಿಯ ಮೇಲೆ ಅವನ ಮೂತ್ರದ ಕೊಳವೆಗಳು ಮೂರು ಇನ್ನೂ ನೇತಾಡುತ್ತಿದ್ದವು. ಅವನ್ನು ನೋಡಿ ಚಿಕ್ಕಮ್ಮ ಪಕ್ಕದವಳ ಕಿವಿಯಲ್ಲಿ, "ತೊಳೆಯೋದ್ರಲ್ಲೇ ಎಲ್ಲೋ ಎಡವಟ್ಟಾಗಿದೆ ಕಣೇ," ಎಂದಳು. ಕಿವಿಯಲ್ಲಿ ಹೇಳಿದ್ದು ಇಡೀ ಮನೆಗೆ ಕೇಳಿಸಿತು.

ಕತ್ತರಿ ಅಕ್ಕನ ಕೈಯಲ್ಲೇ ನಿಂತಿತು.

*

ತಮ್ಮ ಪೇಂಟರ್ ಆಗಿದ್ದ. ಹನ್ನೊಂದು ವರ್ಷದ ಹಿಂದೆ ಮೂರನೇ ಮಹಡಿಗೆ ಬಣ್ಣ ಬಳಿಯುತ್ತಿದ್ದಾಗ, ನಿಂತಿದ್ದ ಸಾರವೆಯ ಹಗ್ಗ ಹರಿದು ಬಿದ್ದು ಬೆನ್ನುಹುರಿ ತುಂಡಾಗಿತ್ತು. ಸೊಂಟದ ಕೆಳಗೆ ಏನೂ ತಿಳಿಯದು. ಮೊದಲ ಸ್ನಾನದಲ್ಲಿ ಅಕ್ಕ ಹೊಯ್ದ ಬಿಸಿನೀರಿಗೆ ಕಾಲಿನ ಚರ್ಮ ಸುಲಿದರೂ ಅವನಿಗೆ ಗೊತ್ತಾಗಲಿಲ್ಲ. ಅವಳು ಅತ್ತಳು, ಅವನು ನಕ್ಕ.

"ನನ್ನ ಕಾಲುಗಳು ದೊಡ್ಡ ಸಾಹೇಬರು ಅಕ್ಕಾ, ಬಾಯಿ ಬಿಡಲ್ಲ. ನೀನೇ ನೋಡ್ಕೋಬೇಕು."

ಅಂದಿನಿಂದ ಮೊಣಕೈ ಅದ್ದಿ ನೋಡದೆ ಅವಳು ನೀರು ಹೊಯ್ದದ್ದಿಲ್ಲ.

ಒಮ್ಮೆ ಬಳಸಿ ಎಸೆಯಬೇಕಾದ ಕೊಳವೆ. ಆರೋಗ್ಯ ಕೇಂದ್ರ ಕೊಡುತ್ತಿದ್ದದ್ದು ತಿಂಗಳಿಗೆ ನಾಲ್ಕು. ಕುದಿಸಿದಳು, ಒಣಗಿಸಿದಳು, ಮತ್ತೆ ಕುದಿಸಿದಳು. ಮೂತ್ರದ ಸೋಂಕಿನಿಂದ ಅವನಿಗೆ ಜ್ವರ ಬಂದಾಗಲೆಲ್ಲ ಹೋಗಿ ಸಾಲಿನಲ್ಲಿ ನಿಂತಳು. ಯಾವ ಕ್ರಿಮಿ, ಯಾವ ಮದ್ದಿಗೆ ಸಾಯುತ್ತದೆ ಎಂದು ಒಮ್ಮೆಯೂ ಪರೀಕ್ಷಿಸದೆ ಮಾತ್ರೆ ಬರೆದುಕೊಟ್ಟರು. ಅದು ನಾಟದಿದ್ದಾಗ ಇನ್ನೊಂದು, ಆಮೇಲೆ ಮತ್ತೊಂದು. ಮನುಷ್ಯ ಸೊರಗಿದ, ಕ್ರಿಮಿ ಪಳಗಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ನಡೆದಾಗ ಹದಿನಾಲ್ಕು ಔಷಧಿಗಳ ಮುಂದೆ ಒಂದೇ ಉತ್ತರ: ನಾಟುವುದಿಲ್ಲ.

ಆ ಕಾಗದ ಹಿಡಿದ ಡಾಕ್ಟರು ಅಕ್ಕನನ್ನೇ ಕೇಳಿದರು: "ಮನೇಲಿ ಕ್ಲೀನಾಗಿ ಇಟ್ಕೊಂಡಿರಲಿಲ್ವಾ?"

*

ತಮ್ಮ ಬಿದ್ದ ಆ ಸಾರವೆ ಕಟ್ಟಿಸಿದ್ದ ಮೇಸ್ತ್ರಿ ಮೂಲೆಯಿಂದ ಮುಂದೆ ಬಂದ. ಹನ್ನೊಂದು ವರ್ಷ ಈ ಮನೆಗೆ ಬಂದುಹೋಗುತ್ತಿದ್ದರೂ ಅವನು ಅಕ್ಕನ ಮುಖ ನೋಡಿ ಮಾತಾಡಿರಲಿಲ್ಲ.

"ಎಡವಟ್ಟು ನನ್ನ ಹಗ್ಗದ್ದು, ಅಮ್ಮಾ," ಎಂದ ಚಿಕ್ಕಮ್ಮನಿಗೆ. "ಆಮೇಲಿಂದು ಕೊಳವೆ ಕೊಡದೋರದ್ದು, ಪರೀಕ್ಷೆ ಮಾಡದೋರದ್ದು. ಅವರ್ಯಾರೂ ಇವತ್ತು ಬಂದಿಲ್ಲ. ಅಕ್ಕನ ಮೇಲೆ ಹಾಕ್ಬೇಡಿ."

ಡ್ರೈವರ್ ಗಾಡಿಯಿಂದ ಗ್ಲೌಸು ತಂದು ಅಕ್ಕನ ಕೈಗಿಟ್ಟ. "ಇದಾದ್ರೂ ಹಾಕ್ಕೊಳ್ಳಿ. ನಾನಂತೂ ನೋಡ್ಲಿಲ್ಲ," ಎಂದು ಬೀದಿಯ ಕಡೆ ತಿರುಗಿ ನಿಂತ.

ಕತ್ತರಿ ಪ್ಲಾಸ್ಟಿಕ್ಕನ್ನು ಸೀಳಿತು. ಮೇಸ್ತ್ರಿ ಹಬೆಯಾಡುವ ಬಕೆಟ್ ತಂದಿಟ್ಟ. ಅಕ್ಕ ಚೊಂಬು ತುಂಬಿಕೊಂಡು ಕಾಲಿನ ಬಳಿ ಒಯ್ದವಳು ಹಾಗೇ ತಡೆದು ನಿಂತಳು. ತೋಳು ಮಡಚಿ, ಗ್ಲೌಸಿನ ಮೇಲಿನ ಬರಿಯ ಮೊಣಕೈಯನ್ನು ಬಕೆಟ್ಟಿಗೆ ಅದ್ದಿದಳು.

"ಇನ್ನೊಂದು ಚೊಂಬು ತಣ್ಣೀರು ಹಾಕಪ್ಪಾ," ಎಂದಳು. "ಸುಡುತ್ತೆ."