ಏಳನೆಯ ಕಾಲಂ

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇರಲಿ. ಮೂಗೂ ನನ್ನದು, ಕೋಪವೂ ನನ್ನದು. ಆದರೆ ಆ ಗುರುವಾರ ಗೋದಾಮಿನಲ್ಲಿ ನಡೆದದ್ದಕ್ಕೆಲ್ಲ ನನ್ನ ಕೋಪವೇ ಕಾರಣ ಎಂದು ಅವರು ನಿಮ್ಮ ಹತ್ತಿರವೂ ಹೇಳಿದರೆ ನಂಬಬೇಡಿ.

ನಾನು ಕಿಟಕಿಯಲ್ಲಿ ಕೂರುವವಳು. ನಮ್ಮ ಬೀದಿಯ ಹಳೆಯ ಲಾಂಡ್ರಿಯನ್ನು ಆಹಾರ ಬ್ಯಾಂಕಿನವರು ಹಿಡಿದು ಹಂಚಿಕೆ ಕೇಂದ್ರ ಮಾಡಿದ್ದಾರೆ. ಮೊದಲು ಮಾಸಿದ ಬಟ್ಟೆ ಒಳಗೆ ಬರುತ್ತಿದ್ದ ಕಿಟಕಿಯಿಂದ ಈಗ ದಿನಸಿ ಚೀಲ ಹೊರಗೆ ಹೋಗುತ್ತದೆ. ಲಾಂಡ್ರಿ ಇದ್ದಾಗಲೂ ಅಲ್ಲಿ ಕೂರುತ್ತಿದ್ದವಳು ನಾನೇ. ಅಂಗಡಿ ಮುಚ್ಚಿತು, ನಾನು ಎದ್ದೇಳಲಿಲ್ಲ. ಹಾಗಾಗಿ ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ನಾನು ಕಿಟಕಿ ಅಕ್ಕ.

ಬ್ಯಾಂಕಿನ ದೊಡ್ಡ ಗೋದಾಮು ಊರಾಚೆ ಹೆದ್ದಾರಿಯ ಪಕ್ಕದಲ್ಲಿದೆ. ಕಾರ್ಖಾನೆಗಳಲ್ಲಿ ಮಿಕ್ಕದ್ದು, ಸಗಟು ಅಂಗಡಿಗಳಲ್ಲಿ ಉಳಿದದ್ದು, ಪುಣ್ಯಾತ್ಮರು ಕೊಟ್ಟದ್ದು ಎಲ್ಲ ಅಲ್ಲಿ ಸೇರಿ, ಆರಿಸಿ, ಕಟ್ಟಿ, ಪ್ರತಿ ಗುರುವಾರ ಲಾರಿ ಹತ್ತಿ ಸುತ್ತಲಿನ ನಲವತ್ತು ಕೇಂದ್ರಗಳಿಗೆ ಹೋಗುತ್ತದೆ. ನಮ್ಮ ಕಡೆಯ ಲಾರಿ ಓಡಿಸುವವರು ನಮ್ಮ ಯಜಮಾನರೇ. ಶನಿವಾರ ಬೆಳಿಗ್ಗೆ ನನ್ನ ಕಿಟಕಿಯಿಂದ ನೂರ ಹದಿನೆಂಟು ಮನೆಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಸಿಕ್ಕ ತರಕಾರಿ. ಅದು ವಾರದ ಊಟವೇನಲ್ಲ, ನಾಲ್ಕು ದಿನದ್ದು. ಉಳಿದ ಮೂರು ದಿನವನ್ನು ಅವರು ಹೇಗೋ ದಾಟುತ್ತಾರೆ.

ಬಂದವರನ್ನು ನಾವು ಹೆಚ್ಚು ಕೇಳುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಎಳೆಮಗು ಇದೆಯಾ, ಅಷ್ಟೇ. ಇದು ನಾನು ಲಾಂಡ್ರಿಯಲ್ಲಿ ಕಲಿತ ಪಾಠ. ಈ ಕಲೆ ಹೇಗಾಯಿತು ಎಂದು ಗಿರಾಕಿಯನ್ನು ಕೇಳಿ ನೋಡಿ, ಮುಂದಿನ ವಾರ ಅವನು ಅಂಗಿಯನ್ನು ಬೇರೆ ಅಂಗಡಿಗೆ ಹಾಕುತ್ತಾನೆ.

ಹೀಗಿರುವಾಗ ಹೊಸ ನೋಂದಣಿ ಪುಸ್ತಕ ಬಂತು. ಅದರಲ್ಲಿ ಹೆಸರು, ವಿಳಾಸ, ತಲೆ ಎಷ್ಟು ಎಂಬುದೆಲ್ಲ ಆದ ಮೇಲೆ ಏಳನೆಯ ಕಾಲಂ ಒಂದಿತ್ತು: ‘ನೆರವು ಕೋರಲು ಕಾರಣ’. ಆ ಶನಿವಾರ ಸಾಲಿನಲ್ಲಿ ಮೊದಲು ನಿಂತಿದ್ದವರು ಗಡಿಯಾರ ರಿಪೇರಿ ಅಜ್ಜ.

“ಅಜ್ಜಾ, ಯಾಕೆ ಬಂದ್ರಿ ಅಂತ ಬರೀಬೇಕಂತೆ” ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಸಿವಾಗುತ್ತಲ್ಲಮ್ಮಾ, ಅದಕ್ಕೆ” ಎಂದರು.

ನನಗೆ ಸರಿ ಎನಿಸಿತು. ಮೊದಲ ಸಾಲಿನಲ್ಲಿ ‘ಹಸಿವು’ ಎಂದು ದುಂಡಗೆ ಬರೆದೆ. ಎರಡನೆಯವರಿಗೂ ಅದೇ ಕಾರಣ, ಮೂರನೆಯವರಿಗೂ ಅದೇ. ಕೆಳಗೆಲ್ಲ ‘ಮೇಲಿನಂತೆ’ ಎಂಬ ಎರಡೆರಡು ಗೀರು ಎಳೆಯುತ್ತಾ ಹೋದೆ. ನೂರ ಹದಿನೇಳು ಮನೆಗೆ ನೂರ ಹದಿನೇಳು ಜೊತೆ ಗೀರು. ಪುಸ್ತಕ ಎಷ್ಟು ಚೊಕ್ಕಟವಾಗಿ ಕಾಣುತ್ತಿತ್ತು ಎಂದರೆ ಮನೆಗೆ ತಂದು ಯಜಮಾನರಿಗೂ ತೋರಿಸಿದೆ.

ಗೋದಾಮಿಗೆ ಕಳಿಸಿದ್ದ ಪುಸ್ತಕ ಸೋಮವಾರ ವಾಪಸು ಬಂತು. ಏಳನೆಯ ಕಾಲಮ್ಮಿನ ಮೇಲಿಂದ ಕೆಳಗಿನವರೆಗೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ. ಹಸಿವಿಗೆ ಹಸಿವೇ ಕಾರಣ ಎಂದರೆ ಕಂಪ್ಯೂಟರು ಒಪ್ಪುವುದಿಲ್ಲವಂತೆ. ಜೊತೆಗೊಂದು ಚೀಟಿ. ಒಂದು, ಕೆಲಸ ಹೋಗಿದೆ. ಎರಡು, ಕಾಯಿಲೆ. ಮೂರು, ದುಡಿಯುವವರು ತೀರಿಹೋಗಿದ್ದಾರೆ. ನಾಲ್ಕು, ಬೆಂಕಿ ಅಥವಾ ನೆರೆ. ಐದು, ವೃದ್ಧಾಪ್ಯ. ಪ್ರತಿ ಹೆಸರಿನ ಮುಂದೆ ಈ ಐದರಲ್ಲೊಂದು ನಂಬರು ಇರಬೇಕು, ಯಾವ ನಂಬರೂ ಹೊಂದದವರ ಹೆಸರು ತೆಗೆದುಹಾಕಬೇಕು, ಗುರುವಾರ ಮಧ್ಯಾಹ್ನದೊಳಗೆ ಪುಸ್ತಕ ಸರಿಯಾಗಿ ಬರದಿದ್ದರೆ ನಮ್ಮ ಕೇಂದ್ರದ ಪಾಲು ಲಾರಿ ಹತ್ತುವುದಿಲ್ಲ.

ಅಜ್ಜನಿಗೆ ಐದು ಎಂದು ಬರೆದೆ. ಮೂರು ಎಂದು ಬರೆಯಬೇಕಾದವರು ಹದಿನಾಲ್ಕು ಮಂದಿ, ಅವರಿಗೂ ಬರೆದೆ. ಹೀಗೇ ಇಳಿಯುತ್ತಾ ಬಂದು ಕೊನೆಗೆ ನಲವತ್ತೊಂದು ಹೆಸರು ನನ್ನ ಮುಖ ನೋಡುತ್ತಾ ಉಳಿದವು. ಆಸ್ಪತ್ರೆಯ ನೆಲ ಒರೆಸುವವರು, ಹೋಟೆಲಿನಲ್ಲಿ ಪಾತ್ರೆ ತಿಕ್ಕುವವರು, ಕಟ್ಟಡ ಕಾಯುವವರು, ಬಸ್ಸು ತೊಳೆಯುವವರು. ಯಾರ ಕೆಲಸವೂ ಹೋಗಿರಲಿಲ್ಲ, ಯಾರೂ ಹಾಸಿಗೆ ಹಿಡಿದಿರಲಿಲ್ಲ. ತಿಂಗಳಿಡೀ ಮೈ ಮುರಿದು ದುಡಿಯುತ್ತಾರೆ, ಇಪ್ಪತ್ತನೇ ತಾರೀಖಿಗೆ ಅವರ ಮನೆಯ ಡಬ್ಬಿಗಳೆಲ್ಲ ಖಾಲಿ. ಅವರಿಗೆ ಚೀಟಿಯಲ್ಲಿ ನಂಬರೇ ಇರಲಿಲ್ಲ.

ಆಗ ನಾನೊಂದು ತಪ್ಪು ಮಾಡಿದೆ. ಕೇಳಿದರೆ ಏನಾದರೊಂದು ಕಾರಣ ಸಿಕ್ಕೀತು ಎಂದುಕೊಂಡು ಮಂಗಳವಾರ ಸಂಜೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಆ ನಲವತ್ತೊಂದರಲ್ಲಿ ಒಬ್ಬಳಾದ ಟೀಚರ್ ಮನೆಗೆ ಹೋದೆ. ಹಿಂದಿನ ಬೀದಿಯ ಶಾಲೆಯಲ್ಲಿ ಪಾಠ ಹೇಳುವವಳು, ಮಗಳೊಬ್ಬಳನ್ನು ಸಾಕಿಕೊಂಡಿರುವವಳು. ಸಾಲು ಕರಗಿದ ಮೇಲೆ ಕೊನೆಗೆ ಬಂದು ಚೀಲವನ್ನು ನೋಟ್‌ಬುಕ್ಕುಗಳ ಕೆಳಗೆ ಮುಚ್ಚಿಟ್ಟುಕೊಂಡು ಹೋಗುವವಳು. ಬಾಗಿಲಲ್ಲೇ ನಿಂತು ಕೇಳಿಬಿಟ್ಟೆ: “ಟೀಚರ್, ಮನೇಲಿ ಯಾರಿಗಾದ್ರೂ ಕಾಯಿಲೆ ಗೀಯಿಲೆ ಏನಾದ್ರೂ ಇದೆಯಾ? ಒಂದು ಕಾರಣ ಬರೀಬೇಕಿತ್ತು.”

ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಗಹಾಕುತ್ತಿದ್ದವಳು ತಿರುಗಿ ನೋಡಿದಳು. ಟೀಚರ್ ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು.

“ನನ್ನ ಹೆಸರು ತೆಗೆದುಬಿಡಿ ಅಕ್ಕಾ. ಆ ಪಕ್ಕದ ಮನೆಯವರ ಮಗ ನನ್ನ ಕ್ಲಾಸಲ್ಲೇ ಇದಾನೆ” ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡಳು.

ಆ ಬಾಗಿಲನ್ನು ಧಡಾರನೆ ಹಾಕಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮನೆಗೆ ಬರುವಷ್ಟರಲ್ಲಿ ನಾಚಿಕೆಯೆಲ್ಲ ಸಿಟ್ಟಾಗಿತ್ತು.

“ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯ? ನಲವತ್ತೊಂದಕ್ಕೂ ಎರಡು ಅಂತ ಹಾಕು” ಎಂದರು ಯಜಮಾನರು. “ಕಾಯಿಲೆ ಯಾರಿಗಿಲ್ಲ ಹೇಳು? ನನಗೇ ಸೊಂಟ ನೋವು.”

“ಸುಳ್ಳು ಬರೆಯೋಕೆ ನನಗೇನೂ ಕೈ ನಡುಗಲ್ಲ ರೀ. ನಿಮ್ಮಮ್ಮನ ಹತ್ರ ಮೂವತ್ತು ವರ್ಷದಿಂದ ಹೇಳ್ತಾನೇ ಇದೀನಿ. ಆದ್ರೆ ಕಾಯಿಲೆ ಅಂತ ಬರೆದ್ರೆ ಏನಾಗುತ್ತೆ? ತಪ್ಪು ಆ ಟೀಚರ್ ಮೈದು ಅಂತಾಗುತ್ತೆ. ಅವಳ ಮೈಗೆ ಏನೂ ಆಗಿಲ್ಲ. ತಿಂಗಳಿಡೀ ದುಡಿಸ್ಕೊಂಡು ಹೊಟ್ಟೆ ತುಂಬದಷ್ಟು ಕೊಡ್ತಾರಲ್ಲ, ಆ ಕಾಯಿಲೆಗೆ ನಂಬರ್ ಎಲ್ಲಿದೆ?”

ಯಜಮಾನರು ಊಟ ಮುಗಿಸಿ ಕೈ ತೊಳೆದರು. ಗುರುವಾರ ಬೆಳಿಗ್ಗೆ ಲಾರಿಯ ಪಕ್ಕದ ಸೀಟಿನಲ್ಲಿ ನಾನೂ ಹತ್ತಿ ಕೂತೆ. ಬೇಡ ಎನ್ನಲು ಅವರಿಗೆ ಧೈರ್ಯ ಬರಲಿಲ್ಲ.

ಗೋದಾಮಿನಲ್ಲಿ ಈರುಳ್ಳಿ ಮತ್ತು ರಟ್ಟಿನ ವಾಸನೆ. ಒಂದು ಪಕ್ಕದಲ್ಲಿ ಏಳೆಂಟು ಹೆಂಗಸರು ಉದ್ದನೆಯ ಮೇಜಿನ ಮುಂದೆ ನಿಂತು ಆಲೂಗಡ್ಡೆ ಆರಿಸುತ್ತಿದ್ದರು. ನಡುವೆ ಮೂಟೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಬೀಪ್ ಬೀಪ್ ಎನ್ನುತ್ತಾ ಹಿಂದೆ ಮುಂದೆ ಓಡಾಡುತ್ತಿತ್ತು. ಅದನ್ನು ಓಡಿಸುವವನಿಗೆ ಎಲ್ಲರೂ ರೇಡಿಯೋ ಎನ್ನುತ್ತಾರೆ. ಬೆಳಿಗ್ಗೆ ಬಾಯಿ ತೆರೆದರೆ ಸಂಜೆಯೇ ಮುಚ್ಚುವುದು. ಯಾರ ಮನೆ ಹಸು ಕರು ಹಾಕಿತು, ಯಾವ ಮಂತ್ರಿ ಜಾರಿ ಬಿದ್ದ, ಎಲ್ಲವೂ ಅವನಿಂದಲೇ ಗೊತ್ತಾಗಬೇಕು. ಅವನು ಎಂದೂ ಬಾಯಿ ಬಿಡದ ಸುದ್ದಿ ಒಂದೇ ಒಂದು, ಅದು ನನಗೆ ಗೊತ್ತಿತ್ತು. ಅವನ ಹೆಂಡತಿ ಎರಡು ವರ್ಷದಿಂದ ಪ್ರತಿ ಶನಿವಾರ ನನ್ನ ಕಿಟಕಿಗೆ ಬರುತ್ತಿದ್ದಳು. ಪುಸ್ತಕದ ಅರವತ್ತಮೂರನೇ ಸಾಲು. ‘ಗೋದಾಮಿನಲ್ಲಿ ಯಾರಿಗೂ ಗೊತ್ತಾಗೋದು ಬೇಡ ಅಕ್ಕಾ, ಅವರು ಕುಗ್ಗಿಹೋಗ್ತಾರೆ’ ಎಂದು ಮೊದಲ ದಿನವೇ ನನ್ನ ಕೈ ಹಿಡಿದುಕೊಂಡಿದ್ದಳು.

ಲಾರಿ ನಿಲ್ಲುವ ಕಟ್ಟೆಯ ಮೇಲೆ ನಮ್ಮ ಪಾಲಿನ ಎರಡು ಪ್ಯಾಲೆಟ್ ಸಿದ್ಧವಾಗಿದ್ದವು. ಮರದ ಚೌಕಟ್ಟಿನ ಮೇಲೆ ಎದೆಮಟ್ಟಕ್ಕೆ ಚೀಲ ಪೇರಿಸಿ ಪ್ಲಾಸ್ಟಿಕ್ ಸುತ್ತಿದ್ದರು. ಎರಡರ ಮೇಲೂ ಕೆಂಪು ಕಾಗದ ಅಂಟಿಸಿತ್ತು: ‘ತಡೆಹಿಡಿಯಲಾಗಿದೆ’.

ಮ್ಯಾನೇಜರು ಬಂದರು. ನಾನು ಅವರಿಗೆ ಇಟ್ಟ ಹೆಸರು ಇಸ್ತ್ರಿ ಸಾಹೇಬರು. ಅಂಗಿಯ ತೋಳಿನ ಗೆರೆಯಲ್ಲಿ ಹಣ್ಣು ಹೆಚ್ಚಬಹುದು. ಕೆಟ್ಟವರಲ್ಲ. ಪುಸ್ತಕ ತಿರುವಿ ಹಾಕಿದರು.

“ನಲವತ್ತೊಂದು ಖಾಲಿ ಬಿಟ್ಟಿದೀರಲ್ಲಮ್ಮಾ.”

“ಅವರೆಲ್ಲ ಕೆಲಸ ಮಾಡೋರು ಸಾರ್. ನಿಮ್ಮ ಚೀಟೀಲಿ ಅವರಿಗೆ ನಂಬರಿಲ್ಲ.”

“ಹಾಗಾದ್ರೆ ತೆಗೆದುಹಾಕಿ. ನೋಡೀಮ್ಮಾ, ಇರೋ ಅಕ್ಕಿ ಇಷ್ಟೇ. ಕೊಡೋರು ನನ್ನ ಕೇಳ್ತಾರೆ, ಯಾರಿಗೆ ಹೋಯ್ತು ಅಂತ. ಕೆಲಸ ಇರೋರಿಗೆ ಹಂಚಿದೆ ಅಂದ್ರೆ ನಾಳೆಯಿಂದ ಅವರೂ ನಿಲ್ಲಿಸ್ತಾರೆ. ಕೆಲಸ ಇರೋರು ಹಸ್ಕೊಂಡಿರ್ತಾರಾ?”

“ಇರ್ತಾರೆ.”

“ಎಲ್ಲಿ, ತೋರ್ಸಿ. ಪುಸ್ತಕದಲ್ಲಲ್ಲ, ಕಣ್ಣಿಗೆ. ಒಬ್ಬರನ್ನ ನನ್ನ ಮುಂದೆ ನಿಲ್ಲಿಸಿ, ಈ ಕಾಗದ ನಾನೇ ಕಿತ್ತುಹಾಕ್ತೀನಿ.”

ಹತ್ತು ಹೆಜ್ಜೆ ದೂರದಲ್ಲಿ ರೇಡಿಯೋ ಸಕ್ಕರೆ ಮೂಟೆ ಇಳಿಸುತ್ತಿದ್ದ. ಬೆರಳು ತೋರಿಸಿ ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಗೆಲ್ಲುತ್ತಿದ್ದೆ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ಮಾತು ನನ್ನದಾಗಿರಲಿಲ್ಲ. ಒಬ್ಬಳ ಬಾಗಿಲು ಹಾಕಿಸಿದ್ದು ಸಾಲದೇ ಎಂದು ಹಲ್ಲು ಕಚ್ಚಿಕೊಂಡೆ. ಕಟ್ಟೆ ಹತ್ತಿ ಹೋಗಿ ಒಂದು ಪ್ಯಾಲೆಟ್ಟಿನ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ, ಚೀಲಗಳಿಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

“ಇದೇನಮ್ಮಾ?”

“ಇದನ್ನ ಇಲ್ಲೇ ಇಟ್ಕೊಳ್ಳೋದಾದ್ರೆ ನನ್ನೂ ಸೇರಿಸಿ ಇಟ್ಕೊಳ್ಳಿ. ಒಂದು ಹೆಸರೂ ತೆಗೆಯಲ್ಲ. ನಾನು ಕಿಟಕೀಲಿ ಕೂರೋದು ಕೊಡೋಕೆ, ಕೇಳೋಕಲ್ಲ.”

ನಮ್ಮ ಯಜಮಾನರು ಲಾರಿಯ ಚಕ್ರವನ್ನು ಹೊಸದಾಗಿ ಕಂಡವರಂತೆ ಪರೀಕ್ಷಿಸತೊಡಗಿದರು. ಆಲೂಗಡ್ಡೆ ಮೇಜಿನ ಕೈಗಳೆಲ್ಲ ನಿಂತವು. ಇಸ್ತ್ರಿ ಸಾಹೇಬರ ಮುಖ ಕೆಂಪೇರಿತು. “ಏಯ್, ಈ ಎರಡೂ ಪ್ಯಾಲೆಟ್ ಒಳಗಡೆ ಹಾಕು” ಎಂದು ಕೂಗಿದರು.

ಫೋರ್ಕ್‌ಲಿಫ್ಟ್ ಬಂತು. ನನ್ನ ಮೊಣಕಾಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಬೀಪ್ ಸದ್ದೂ ನಿಂತಿತು. ರೇಡಿಯೋ ಕೀಲಿ ತಿರುಗಿಸಿ ಆಫ್ ಮಾಡಿ, ಕೆಳಗಿಳಿದು, ಸಾಹೇಬರ ಕೈಯಿಂದ ಪುಸ್ತಕ ತೆಗೆದುಕೊಂಡ. ಕೇಳಲೂ ಇಲ್ಲ, ಸುಮ್ಮನೆ ತೆಗೆದುಕೊಂಡ. ಕಿವಿಯ ಮೇಲಿದ್ದ ಪೆನ್ಸಿಲು ಕೈಗೆ ಬಂತು. ಬೆರಳು ಹೆಸರುಗಳ ಮೇಲೆ ನಿಧಾನವಾಗಿ ಇಳಿದು ಒಂದು ಕಡೆ ನಿಂತಿತು. ಏಳನೆಯ ಕಾಲಮ್ಮಿನಲ್ಲಿ ಏನೋ ಬರೆದು ಪುಸ್ತಕ ವಾಪಸು ಕೊಟ್ಟ.

ಸಾಹೇಬರು ಓದಿದರು. “‘ಗೋದಾಮಿನಲ್ಲಿ ಕೆಲಸ.’ ಯಾವ ಗೋದಾಮು?”

“ಇದೇ ಸಾರ್. ಆರು ವರ್ಷ ಆಯ್ತು. ಈ ಚೀಲಗಳಲ್ಲಿ ಒಂದು ನಮ್ಮನೇದು. ಯಾವುದು ಅಂತ ಗೊತ್ತಿಲ್ಲ.”

ಅವನ ಮುಖ ನೋಡಲು ಆಗದೆ ನೆಲ ನೋಡಿದೆ, ಆದರೆ ಅವನು ತಲೆ ತಗ್ಗಿಸಿರಲಿಲ್ಲ. ಮೇಜಿನ ಕಡೆಯಿಂದ ಒಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ನಂದು ಬೇರೆ ಕೇಂದ್ರ. ಆ ಪುಸ್ತಕ ಎಲ್ಲಿದೆ?” ಎಂದು ಕೇಳಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು.

ಸಾಹೇಬರು ಪುಸ್ತಕ ಮುಚ್ಚಿದರು. ಕಾಗದ ಕೀಳುತ್ತೇನೆ ಎಂದು ಆಗ ತಾನೇ ಆಡಿದ್ದ ಮಾತು ಅವರಿಗೇ ಮರೆತುಹೋಗಿತ್ತು. “ಮೇಲಿನೋರಿಗೆ ಇದು ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ ಕಣಯ್ಯಾ” ಎಂದರು. ಹೆದರಿಸಲು ಹೇಳಿದರೋ, ಹೆದರಿ ಹೇಳಿದರೋ ತಿಳಿಯಲಿಲ್ಲ.

ರೇಡಿಯೋ ಆಗಲೇ ತನ್ನ ಸೀಟು ಹತ್ತುತ್ತಿದ್ದ.

“ಹೋಗ್ಲಿ ಬಿಡಿ ಸಾರ್. ಆಗಲಾದ್ರೂ ನಿಮ್ಮ ಚೀಟೀಲಿ ನನಗೊಂದು ನಂಬರ್ ಸಿಗುತ್ತೆ.”

ಕೀಲಿ ತಿರುಗಿಸಿದ. “ಅಕ್ಕಾ, ಕಾಲು ಒಳಗೆ ಎಳ್ಕೊಳ್ಳಿ” ಎಂದ. ನಾನು ಇಳಿಯಲಿಲ್ಲ, ಅವನೂ ಇಳಿಯಿರಿ ಎನ್ನಲಿಲ್ಲ. ಕೆಂಪು ಕಾಗದದ ಸಮೇತ, ನನ್ನ ಸಮೇತ, ಪ್ಯಾಲೆಟ್ಟನ್ನು ಎತ್ತಿ ಲಾರಿಯೊಳಗೆ ಇಟ್ಟ. ಎರಡನೆಯದು ಬರುವವರೆಗೂ ನಾನು ಅಲ್ಲೇ ಕೂತಿದ್ದೆ. ಸಾಹೇಬರು ತಡೆಯಲಿಲ್ಲ, ಒಪ್ಪಿಗೆಯೂ ಕೊಡಲಿಲ್ಲ. ಮುಂದಿನ ಗುರುವಾರ ಏನಾಗುತ್ತದೋ ಆಗಲಿ, ನೂರ ಹದಿನೆಂಟು ಮನೆಗಳ ಈ ವಾರ ನಮ್ಮ ಲಾರಿಯಲ್ಲಿತ್ತು.

ಹೆದ್ದಾರಿಗೆ ಬಂದ ಮೇಲೆ ಯಜಮಾನರು ನನ್ನ ಕಡೆ ತಿರುಗಿ, ನಿನ್ನ ಕೋಪ ಒಂದಲ್ಲ ಒಂದು ದಿನ ನನ್ನ ಲಾರಿಗೂ ಕುತ್ತು ತರುತ್ತೆ ಎಂದು ಗೊಣಗಿದರು. ತರಲಿ ಎಂದೆ. ಮೊದಲು ಟೀಚರ್ ಮನೆ ಮುಂದೆ ನಿಲ್ಲಿಸಿ ಎಂದೂ ಹೇಳಿದೆ. ಅವಳ ಹತ್ತಿರ ನಾನು ಕ್ಷಮೆ ಕೇಳುವುದಿತ್ತು.