ಹಿಂದಿನ ಕೋಣೆಯ ಹಸಿರು

ನಮ್ಮಮ್ಮನಿಗೆ ಜಂಬ ಕೊಚ್ಚುವುದು ಗೊತ್ತೇ ಇರಲಿಲ್ಲ, ಒಂದು ವಿಷಯ ಬಿಟ್ಟು. "ನನ್ನ ಕಣ್ಣು ತಪ್ಪಿಸಿ ಒಂದು ಹಸಿರು ಕಾಳೂ ಆಚೆ ಹೋಗಿಲ್ಲ" ಎಂದು ಅವಳು ಹೇಳಿದಾಗಲೆಲ್ಲ ಅಕ್ಕ, ನಾನು ಹೂಂಗುಟ್ಟಲೇಬೇಕು. ನಮಗಿಂತ ಆ ಕಾಳುಗಳೇ ಅವಳಿಗೆ ಹೆಚ್ಚು ಎಂದು ಚಿಕ್ಕಂದಿನಲ್ಲಿ ನಾನು ಗೊಣಗಿದ್ದುಂಟು.

ಸತುವಿನ ಗಣಿಯಲ್ಲಿ ಅವಳದು ಕತ್ತಲೆ ಕೋಣೆಯ ಕೆಲಸ. ಅಲ್ಲಿನ ಅದಿರು ವಿಲ್ಲೆಮೈಟ್ ಎಂಬ ಸಿಲಿಕೇಟ್ ಖನಿಜ. ಹಗಲಲ್ಲಿ ಬರೀ ಕಂದು ಕಲ್ಲು. ನೇರಳಾತೀತ ದೀಪ ಬಿದ್ದರೆ ಎಳೆ ಹುಲ್ಲಿನ ಹಾಗೆ ಹಸಿರಾಗಿ ಹೊಳೆಯುತ್ತದೆ. ಅದಿರು ತೆಗೆದು ಉಳಿದ ಮರಳು ಬೆಲ್ಟಿನ ಮೇಲೆ ಹೊರಗೆ ಹೋಗುವಾಗ ಅಮ್ಮ ದೀಪ ಹಿಡಿದು ಕಾಯುತ್ತಿದ್ದಳು. ಹಸಿರು ಕಂಡಿತೋ, ಬೆಲ್ಟ್ ನಿಲ್ಲಿಸಿ ಮತ್ತೆ ಅರೆಯಲು ಕಳಿಸುತ್ತಿದ್ದಳು. ಆಚೆ ಹೋದ ಮರಳಿನಲ್ಲೇ ಕೆಲಸಗಾರರೆಲ್ಲ ಮನೆ ಕಟ್ಟಿಕೊಂಡರು. ಸುಣ್ಣಬಣ್ಣ ಕಾಣದ ನಮ್ಮ ಗೋಡೆಗಳ ಗಾರೆಯೂ ಅದರದ್ದೇ.

ಗಣಿ ಮುಚ್ಚಿ ಎಷ್ಟೋ ಕಾಲದ ಮೇಲೆ ಗುಜರಿ ಅಂಗಡಿಯಲ್ಲಿ ಅಂಥದೇ ದೀಪ ಸಿಕ್ಕಿತು. ಅಮ್ಮನಿಗೆಂದು ತೆಗೆದುಕೊಂಡು ಬಂದೆ. ಮಧ್ಯಾಹ್ನವೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಮುಂದಿನ ಕೋಣೆಯಲ್ಲಿ ಹಚ್ಚಿದೆವು. ಅಕ್ಕನ ಹಲ್ಲು ಹೊಳೆದವೇ ಹೊರತು ಗೋಡೆ ಕಪ್ಪಗೆ ಸುಮ್ಮನಿತ್ತು.

"ನೋಡಿದ್ರಾ?" ಎಂದು ಅಮ್ಮ ಬೀಗಿದಳು. ಪಾಳಿ ಮುಗಿಸಿ ಬಂದಾಗ ಅವಳ ಸೆರಗಿಗೆ ಇರುತ್ತಿದ್ದ ಕಲ್ಲುಪುಡಿಯ ವಾಸನೆ ನನಗೆ ನೆನಪಾಯಿತು.

ಹಿಂದಿನ ಕೋಣೆಗೆ ನಾನೇ ಮೊದಲು ಹೋದೆ. ದೀಪ ಹಚ್ಚಿದೆ. ನೆಲದಿಂದ ಸೂರಿನವರೆಗೆ ಹಸಿರು ಚುಕ್ಕೆಗಳು, ಎಳ್ಳು ಚೆಲ್ಲಿದ ಹಾಗೆ. ಪಟ್ಟನೆ ಆರಿಸಿದೆ. ಅಮ್ಮನಿಗೆ ಇದ್ದದ್ದು ಅದೊಂದೇ ಹೆಮ್ಮೆ. ಅದನ್ನು ನನ್ನ ಕೈಯಾರೆ ಮಣ್ಣುಪಾಲು ಮಾಡುವುದೇ?

"ದೀಪ ಕೈಕೊಡ್ತಮ್ಮಾ. ನಡಿ, ಚಹಾ ಕುಡಿಯೋಣ."

"ನಿಂಗೆ ಸುಳ್ಳು ಹೇಳೋಕೆ ಯಾವತ್ತು ಬಂದಿದೆ? ಕೊಡಿಲ್ಲಿ."

ಅಮ್ಮ ಹಚ್ಚಿದಳು. ಮೂಲೆಯಿಂದ ಮೂಲೆಗೆ ನಿಧಾನವಾಗಿ ಬೆಳಕು ಆಡಿಸಿದಳು. ಆಮೇಲೆ ಅಮ್ಮ ನಕ್ಕುಬಿಟ್ಟಳು.

"ನಿಮ್ಮಪ್ಪ ಈ ಕೋಣೆಗೆ ಗಾರೆ ಮಾಡಿದ್ದು ನೀನು ಹುಟ್ಟಿದಾಗ ಕಣೇ. ನೀನೋ, ಕೆಳಗಿಳಿಸಿದ್ರೆ ಸಾಕು, ಅತ್ತು ಊರು ಒಂದು ಮಾಡ್ತಿದ್ದೆ. ನಿನ್ನ ಬಿಟ್ಟು ಕೆಲಸಕ್ಕೆ ಹೇಗೆ ಹೋಗ್ಲಿ? ದೀಪದ ಹತ್ರ ಬೇರೆ ಯಾರೋ ಕೂತಿದ್ರು." ಗೋಡೆಯನ್ನು ಅಂಗೈಯಿಂದ ಸವರಿದಳು. "ಇದಿಷ್ಟೂ ನಿನ್ನಿಂದಾಗಿ ಆಚೆ ಹೋಗಿದ್ದು."

ಆ ಗೋಡೆಗೆ ಬೆನ್ನು ಹಚ್ಚಿ ಮಲಗಿಯೇ ನಾನು ಬೆಳೆದವಳು.

"ಇನ್ನೂ ಸ್ವಲ್ಪ ಹೊತ್ತು ಆರಿಸ್ಬೇಡಮ್ಮಾ" ಎಂದೆ.